ಅಪ್ಪಯ್ಯನ ಕ್ಯಾಮೆರಾಕ್ಕೆ ಖಂಡೆಪೂಜೆ

ಕಲಬುರಗಿ ಕಡೆಯ ವಾಡಿಗೆ ಬಂದು ನಾನು ಮೊದಲು ಕಲಿತದ್ದು ಕಿಟಕಿ ಮುಚ್ಚುವುದನ್ನು. ಕುಂದಾಪುರದ ಅಭ್ಯಾಸದಂತೆ ಎಲ್ಲ ತೆರೆದಿಟ್ಟು ಅಡುಗೆಗೆ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆ, ಹಾಸಿಗೆ, ಬೆಲ್ಲದ ಡಬ್ಬಿ, ಎಲ್ಲದರ ಮೇಲೂ ಸಿಮೆಂಟ್ ಕಾರ್ಖಾನೆಯ ಬೂದು ಧೂಳು. ನಮ್ಮೂರಲ್ಲಿ ಕಿಟಕಿ ಗಾಳಿಗೆ, ಇಲ್ಲಿ ಅದು ಇರುವುದೇ ಮುಚ್ಚುವುದಕ್ಕೆ.

ಗಂಡನಿಗೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸ. ನಮ್ಮೂರ ಕಡೆಗೆ ವರ್ಗಾವಣೆ ಕೇಳಿದ ಅರ್ಜಿ ಎಲ್ಲಿ ಕೂತಿದೆಯೋ ದೇವರೇ ಬಲ್ಲ. ನಮ್ಮದು ಫರಸಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ ಹೊದಿಸಿದ ಮನೆ. ಬೇಸಿಗೆಯಲ್ಲಿ ತಲೆಯ ಮೇಲೆ ಕಾದ ಕಾವಲಿ. ಮುಚ್ಚಿದ ಕಿಟಕಿಯ ಆಚೆ ದಿನವಿಡೀ ರೈಲು. ದೇಶದ ಜನರೆಲ್ಲ ಈ ಊರು ದಾಟಿ ಹೋಗುತ್ತಾರೆ, ನಾನೊಬ್ಬಳು ಇಲ್ಲೇ.

ಕಪಾಟಿನಲ್ಲಿ ಅಪ್ಪಯ್ಯನ ಹಳೆಯ ರೀಲ್ ಕ್ಯಾಮೆರಾ ಇತ್ತು. ಊರಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದವರು. ಎಲ್ಲರ ಕೈಗೂ ಮೊಬೈಲು ಬಂದು ಅಂಗಡಿ ಮುಚ್ಚಿದ ದಿನ, ಕ್ಯಾಮೆರಾ ಅಮ್ಮನ ಕೈಗೆ ಕೊಟ್ಟು ತಾವೇ ಗಿರಾಕಿಯ ಕುರ್ಚಿಯಲ್ಲಿ ಕೂತು ನಕ್ಕರಂತೆ. ಅಮ್ಮ ಜೀವಮಾನದಲ್ಲಿ ತೆಗೆದದ್ದು ಅದೊಂದೇ ಫೋಟೊ. ಮುಂದಿನ ಮಳೆಗಾಲಕ್ಕೆ ಅಪ್ಪಯ್ಯ ಇರಲಿಲ್ಲ, ರೀಲು ಒಳಗೇ ಉಳಿಯಿತು. ನಾನು ಹೊರಟಾಗ ಅಮ್ಮ, "ಎಲ್ಲಾದ್ರೂ ತೊಳ್ಸಿ ಕಳ್ಸು ಮಗಾ" ಅಂದಿದ್ದಳು. ರೀಲು ತೊಳೆದು ಫೋಟೊ ಮಾಡಿಕೊಡುವವರು ಹೈದರಾಬಾದಿನಲ್ಲಿ ಇದ್ದಾರಂತೆ. ಗಂಡನಿಗೆ ರಜೆ ಸಿಗಬೇಕಲ್ಲ. "ಮೊಬೈಲಲ್ಲಿ ಅಪ್ಪಯ್ಯನ ಫೋಟೊ ಬೇಕಾದಷ್ಟಿದೆ" ಎನ್ನುತ್ತಾರೆ ಅವರು. ಇದ್ದರೇನು, ಅದ್ಯಾವುದೂ ಅಮ್ಮ ತೆಗೆದದ್ದಲ್ಲ.

ಪಕ್ಕದ ಮನೆಯ ಮಹಾದೇವಕ್ಕ ಭಂಕೂರಿನವರು, ಗಂಡ ಕಲ್ಲು ಒಡೆಯುವವರು. ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರೇ. ಹರಿಯದ ಮೊದಲ ರೊಟ್ಟಿ ಉಬ್ಬಿದಾಗ ನನಗಿಂತ ಅವರೇ ಹಿಗ್ಗಿದ್ದರು. ದಸರೆಯ ಖಂಡೆಪೂಜೆ, ಅಂದರೆ ನಮ್ಮ ಆಯುಧಪೂಜೆಗೆ, ಅಕ್ಕಪಕ್ಕದವರ ಹತಾರಗಳೆಲ್ಲ ಅವರ ಮನೆಯ ಕಟ್ಟೆಗೆ ಬರುತ್ತವೆ. ಉಳಿ, ಸುತ್ತಿಗೆ, ನನ್ನ ಗಂಡನ ಪಾನಾಗಳ ಜೊತೆ ನಾನು ಹೆಮ್ಮೆಯಿಂದ ಕ್ಯಾಮೆರಾ ಕೊಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಕ್ಯಾಮೆರಾದ ಬೆನ್ನು ತೆರೆದಿತ್ತು. ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ರೀಲು ಬಿಸಿಲಿಗೆ ಉದ್ದಕ್ಕೆ ಮಲಗಿತ್ತು, ಅದಕ್ಕೂ ಅರಿಶಿನ.

"ಹಬ್ಬದ ದಿನ ಹತಾರದಾಗ ಧೂಳ ಇರಬಾರದ್ರಿ ಅಕ್ಕೋರ" ಅಂದರು ಮಹಾದೇವಕ್ಕ. "ಒಳಗೊಂದು ಸುರುಳಿ ಇತ್ತಲ್ರಿ, ಅದನ್ನೂ ಬಿಚ್ಚಿ ಚಂದಂಗ ಒರಸೀನಿ. ನಿಮ್ಮಪ್ಪಾರ ಹತಾರ, ಹಂಗ ಹ್ಯಾಂಗ ಬಿಡ್ಲಿ?"

ಬೆಳಕು ಕಂಡ ರೀಲಿನಲ್ಲಿ ಏನೂ ಉಳಿಯುವುದಿಲ್ಲ. ಕೂಗಾಡಬೇಕೆನಿಸಿತು. ಒದ್ದೆ ಅರಿವೆ ಹಿಡಿದ ಆ ಕೈ ನೋಡಿ, ಬಗ್ಗಿ ರೀಲು ಸುತ್ತತೊಡಗಿದೆ.

"ಯಾಕ್ರಿ, ಮಾರಿ ಸಣ್ಣ ಮಾಡೀರಿ?"

"ಅಪ್ಪಯ್ಯ ನೆನಪಾದರು" ಎಂದೆ. ಅದು ಸುಳ್ಳಲ್ಲ.

"ಹಂಗಾರ ಇದರಾಗ ನಂದೊಂದು ಫೋಟೊ ತೆಗೀರಿ."

"ಮೊಬೈಲಲ್ಲಿ ತೆಗೀಲಾ?"

"ಅದು ಬ್ಯಾಡ್ರಿ, ಅದು ಎಲ್ಲಾರ ಬಲ್ಲಿ ಅದ. ಅಪ್ಪಾರ ಡಬ್ಬಿದಾಗ ತೆಗೀರಿ."

ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕೂತರು. ಕೆಟ್ಟ ರೀಲನ್ನೇ ಒಳಗಿಟ್ಟು ಗುಂಡಿ ಒತ್ತಿದೆ.

ಈಗ ಅಮ್ಮ ಫೋನಿನಲ್ಲಿ, "ಅಪ್ಪಯ್ಯನ ಫೋಟೊ ಬಂತಾ ಮಗಾ?" ಅನ್ನುತ್ತಾಳೆ. ಮಹಾದೇವಕ್ಕ ಗೋಡೆಯಾಚೆಯಿಂದ, "ನನ್ನ ಫೋಟೊ ಎಲ್ಲಿಗಿ ಬಂತ್ರಿ?" ಅನ್ನುತ್ತಾರೆ. ಹೈದರಾಬಾದಿಗೆ ಕೊಟ್ಟಿದ್ದೇನೆ, ಬರುತ್ತದೆ ಎಂದು ಇಬ್ಬರಿಗೂ ಹೇಳುತ್ತೇನೆ.

ವರ್ಗಾವಣೆ ಈ ಸಲ ಆದರೂ ಆಗಬಹುದು ಎಂದು ಮೊನ್ನೆ ಗಂಡ ಖುಷಿಯಿಂದ ಹೇಳಿದರು. ಬಂದಾಗಿನಿಂದ ಹಂಬಲಿಸಿದ ಮಾತು. ಈಗ ನನಗೆ ಆಗದಿದ್ದರೇ ಒಳ್ಳೆಯದು ಅನ್ನಿಸಿತು. ಊರಿಗೆ ಹೋದರೆ ಅಮ್ಮನ ಎದುರು ಬರಿಗೈಯಲ್ಲಿ ನಿಲ್ಲಬೇಕು, ಇಲ್ಲಿಂದ ಹೊರಟರೆ ಮಹಾದೇವಕ್ಕನ ಫೋಟೊ ಕೊಡದೆ ಹೊರಡಬೇಕು.