ಅಣ್ಣ ಆರಿಸಿದ ಗ್ರಾಫಿಕ್ಸ್ ಕಾರ್ಡು

ದಿನಾ ಸಂಜೆ ಐದೂವರೆಗೆ ನಾನು ಲಾರಿ ಓಡಿಸುತ್ತೇನೆ. ಇದನ್ನು ಇಷ್ಟು ದಿನ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಗಾಬರಿಯಾಗಬೇಡಿ, ಲಾರಿ ಓಡುವುದು ಶಹಾಪುರದ ರಸ್ತೆಯಲ್ಲಲ್ಲ. ಇಲ್ಲಿ ನಾನು ಸ್ಕೂಟರನ್ನೇ ಬಸ್‌ಸ್ಟ್ಯಾಂಡಿನ ಮುಂದೆ ಇಳಿದು ತಳ್ಳಿಕೊಂಡು ಹೋಗುವ ಮನುಷ್ಯ. ನನ್ನ ಲಾರಿ ಓಡುವುದು ಕಂಪ್ಯೂಟರಿನ ಆಟದೊಳಗೆ, ಯಾವುದೋ ತಂಪು ದೇಶದ ಹೆದ್ದಾರಿಯಲ್ಲಿ. ಒಂದೂರಿನ ಚೀಸನ್ನು ಇನ್ನೊಂದೂರಿಗೆ ಮುಟ್ಟಿಸುವುದು ನನ್ನ ಕೆಲಸ. ಚೀಸನ್ನು ನಾನು ಜನ್ಮದಲ್ಲಿ ತಿಂದವನಲ್ಲ. ಆದರೂ ಅದು ಕೆಡುವ ಮೊದಲು ತಲುಪಿಸಬೇಕೆಂಬ ಕಾಳಜಿ ನನಗಿರುವಷ್ಟು ಆ ದೇಶದವರಿಗೂ ಇರಲಾರದು. ಹಿಂದೆ ಮುಂದೆ ಒಂದು ಗಾಡಿ ಇಲ್ಲದಿದ್ದರೂ ಕೆಂಪು ದೀಪ ಕಂಡರೆ ನಿಲ್ಲುತ್ತೇನೆ. ನಲವತ್ತೊಂಬತ್ತು ವರ್ಷದ, ಪ್ರೌಢಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿರುವ ಮಾಸ್ತರ ಹೀಗೆ ಖಾಲಿ ರಸ್ತೆಯಲ್ಲಿ ದೀಪ ಹಸಿರಾಗುವುದನ್ನು ಕಾಯುತ್ತ ಕೂತಿರುವ ದೃಶ್ಯವನ್ನು ನನ್ನ ವಿದ್ಯಾರ್ಥಿಗಳು ನೋಡಿದರೆ ಮರುದಿನದಿಂದ ನನ್ನ ಮಾತು ಯಾರು ಕೇಳುತ್ತಾರೆ?

ತೊಂದರೆ ಏನೆಂದರೆ ನನ್ನ ಕಂಪ್ಯೂಟರು ಮುದಿ. ಲಾರಿ ಓಡುತ್ತಿರಲಿಲ್ಲ, ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ನೆಗೆಯುತ್ತಿತ್ತು. ಸೇತುವೆಯ ಈ ತುದಿಯಲ್ಲಿ ಕಂಡ ಲಾರಿ ಮರುಕ್ಷಣ ನದಿಯೊಳಗೆ ಕಾಣುತ್ತಿತ್ತು. ಒಂದು ತಿಂಗಳಲ್ಲಿ ನಾನು ಮುಳುಗಿಸಿದ ಚೀಸಿಗೆ ಲೆಕ್ಕವಿಲ್ಲ. ಇದಕ್ಕೆ ಮದ್ದು ಗ್ರಾಫಿಕ್ಸ್ ಕಾರ್ಡು, ಚಿತ್ರ ಬರೆಯುವ ಕೆಲಸವನ್ನೇ ಹೊತ್ತುಕೊಳ್ಳುವ ಒಂದು ಹಲಗೆ, ಅದನ್ನು ಒಳಗೆ ಕೂರಿಸಬೇಕು ಎಂದು ಗೊತ್ತಾಯಿತು. ನನ್ನಂಥವರಿಗಾಗಿ ‘ಬಜೆಟ್ ಕಾರ್ಡು’ ಎಂಬ ಜಾತಿಯೇ ಇದೆಯಂತೆ. ಬಡವರದು ಎಂದು ನೇರವಾಗಿ ಹೇಳಲು ಸಂಕೋಚವಾದಾಗ ವ್ಯಾಪಾರಿಗಳು ಇಂಥ ಶಬ್ದ ಹುಡುಕುತ್ತಾರೆ.

ಆ ಕಾರ್ಡುಗಳ ಹೆಸರುಗಳನ್ನು ನೋಡಿ ನನ್ನ ಗಣಿತ ಕಂಗಾಲಾಯಿತು. ಒಂದೊಂದಕ್ಕೂ ನಾಲ್ಕಂಕಿಯ ಹೆಸರು, ಲಾರಿಯ ನಂಬರ್ ಪ್ಲೇಟಿನ ಹಾಗೆ. ದೊಡ್ಡ ಅಂಕಿ ಇದ್ದದ್ದು ಒಳ್ಳೆಯದಿರಬೇಕು ಎಂದುಕೊಂಡರೆ ಅದು ಸಣ್ಣ ಅಂಕಿಯದಕ್ಕಿಂತ ಕೈಲಾಗದ್ದು. ಎರಡೂ ಒಂದೇ ಅಂಕಿಯಾದರೆ ಬಾಲಕ್ಕೆ ಎರಡು ಇಂಗ್ಲಿಷ್ ಅಕ್ಷರ ಅಂಟಿಸಿಕೊಂಡದ್ದಕ್ಕೆ ಬೆಲೆ ಹೆಚ್ಚು. ಹದಿಹರೆಯದ ಮಕ್ಕಳಿಗೆ ಏರಿಕೆ ಕ್ರಮ, ಇಳಿಕೆ ಕ್ರಮ ಕಲಿಸಿ ಬೆತ್ತ ಸವೆಸಿದವನು ನಾನು, ಇವುಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕೂತೆ. ಒಂದು ವಿಷಯ ಮಾತ್ರ ಬಲು ಖುಷಿ ಕೊಟ್ಟಿತು. ಈ ಹಲಗೆ ಎಲ್ಲವನ್ನೂ ತ್ರಿಭುಜಗಳಿಂದಲೇ ಕಟ್ಟುತ್ತದಂತೆ. ಲಾರಿ, ಗುಡ್ಡ, ಸೇತುವೆ, ಗುಡ್ಡದ ಮೇಲಿನ ಮರ, ಎಲ್ಲವೂ ಲಕ್ಷಾಂತರ ಪುಟ್ಟ ತ್ರಿಭುಜಗಳು. ‘ತ್ರಿಭುಜ ಕಲಿತು ಏನ್ ಮಾಡೋದ್ರಿ ಸರ್?’ ಎಂದು ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ತರಗತಿಯಲ್ಲಿ ಅದನ್ನು ಹೇಳುವ ಹಾಗಿರಲಿಲ್ಲ.

ಏಕೆಂದರೆ ನಮ್ಮ ಕಡೆ ಏನು ಕೊಂಡರೂ ‘ಯಾತಕ್ಕ?’ ಎಂಬ ಪ್ರಶ್ನೆ ಬರುತ್ತದೆ. ‘ನನ್ನ ಖುಷಿಗೆ’ ಎಂಬುದನ್ನು ಉತ್ತರವೆಂದು ಯಾರೂ ಒಪ್ಪುವುದಿಲ್ಲ. ಖುಷಿ ಮಕ್ಕಳಿಗೆ ಇರಬೇಕು, ತಪ್ಪಿದರೆ ಶ್ರೀಮಂತರಿಗೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ನಾನು ‘ಶಾಲೆಯ ಕೆಲಸಕ್ಕೆ’ ಎಂದುಬಿಟ್ಟೆ. ಹೆಡ್‌ಮಾಸ್ತರರು ಅಷ್ಟಕ್ಕೇ ಸಂತೋಷಪಟ್ಟು ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು. ನಾನೇನು ಈ ವಿದ್ಯೆ ಹೊಸದಾಗಿ ಕಂಡುಹಿಡಿದವನಲ್ಲ. ನಮ್ಮ ಸೀಮೆಗೆ ಕಾಲುವೆ ಬಂದಾಗ ಕಡಿಮೆ ನೀರಿನ ಬೆಳೆ ಬೆಳೆಯಿರಿ, ಭತ್ತ ಬೇಡ ಎಂದು ಸರ್ಕಾರ ಹೇಳಿತು. ಕಾಗದದ ಮೇಲೆ ಜೋಳ ಬೆಳೆಯಿತು, ಹೊಲದಲ್ಲಿ ಭತ್ತ ಬೆಳೆಯಿತು. ಎಲ್ಲರೂ ಅನ್ನ ಉಂಡರು, ಕಾಗದವೂ ಸುಖವಾಗಿತ್ತು. ನನ್ನದೂ ಅದೇ ಪದ್ಧತಿ, ಕಾಗದದ ಮೇಲೆ ರೇಖಾಗಣಿತ, ಒಳಗೆ ಲಾರಿ.

ಇಷ್ಟರವರೆಗೆ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ಅಳುಕು ಶುರುವಾದದ್ದು ಅಣ್ಣ ಬಂದಾಗ.

ನಮ್ಮಣ್ಣ ಬೀರಪ್ಪ ಇರುವುದು ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಕುರಿ ಸಾಕುತ್ತಾನೆ. ಅಪ್ಪ ತೀರಿಕೊಂಡಾಗ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು, ನಾನು ಶಾಲೆ ಬಿಡಬಾರದೆಂದು. ಅವನ ಕಿವಿಗೆ ‘ಶಾಲೆ’ ಎಂಬ ಶಬ್ದ ಬಿದ್ದರೆ ಸಾಕು, ಗುಡಿಯ ಮುಂದೆ ನಿಂತವನ ಹಾಗೆ ಮುಖ ಮಾಡುತ್ತಾನೆ. ನನ್ನ ಮೊದಲ ಪಾಟಿಯಿಂದ ಹಿಡಿದು ಸ್ಕೂಟರಿನವರೆಗೆ ನಮ್ಮ ಮನೆಗೆ ಬಂದದ್ದೆಲ್ಲ ಅವನು ಮುಟ್ಟಿ, ತಟ್ಟಿ, ಒಪ್ಪಿದ ಮೇಲೆ ಬಂದದ್ದು. ಒಂದು ಭಾನುವಾರ ಕುರಿಗಳ ಔಷಧಿಗೆಂದು ಶಹಾಪುರಕ್ಕೆ ಬಂದವನು, ನಾನು ಫೋನಿನಲ್ಲಿ ಕಾರ್ಡಿನ ದರ ವಿಚಾರಿಸುವುದನ್ನು ಕೇಳಿಸಿಕೊಂಡ.

“ಏನ್ ತಗೊಳ್ಳಾಕತ್ತಿ?”

“ಕಂಪ್ಯೂಟರಿನ ಸಾಮಾನ ಅಣ್ಣ. ಶಾಲಿ ಕೆಲಸಕ್ಕ.”

ಬಾಯಿಂದ ಬಂದೇ ಹೋಯಿತು. ಅಣ್ಣನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಶಾಲಿ ಕೆಲಸಕ್ಕ ಅಂದಮ್ಯಾಲ ಛಲೋದೇ ತಗೋಬೇಕು. ನಡಿ, ನಾನೂ ಬರ್ತೀನಿ” ಎಂದು ಎದ್ದುಬಿಟ್ಟ. ನನ್ನ ಓದಿಗಾಗಿ ಓದು ಬಿಟ್ಟವನನ್ನು ನನ್ನ ಆಟದ ಸಾಮಾನು ಆರಿಸಲು ಕರೆದೊಯ್ಯುವುದೆಂದರೆ ಏನು? ನಿಜ ಹೇಳುತ್ತೇನೆ, ನಾಚಿಕೆಯಿಂದ ನೆಲ ಸೇರುವ ಹಾಗಾಯಿತು. ಆದರೂ ಕಂಪ್ಯೂಟರಿನ ಡಬ್ಬಿ ಎತ್ತಿಕೊಂಡು ಹೊರಟೆ. ಆಸೆ ಎಂಬುದು ನಾಚಿಕೆಗಿಂತ ಗಟ್ಟಿ.

ಅಂಗಡಿ ಮಾಂತೇಶನದು, ಮೂವತ್ತರ ಪ್ರಾಯ, ನಯವಾದ ಮಾತು. ಬಾಗಿಲ ಬಳಿ ಕುರ್ಚಿಯಲ್ಲಿ ಅವನ ತಂದೆ, ಹಿಂದೊಮ್ಮೆ ಹತ್ತಿಯ ದಲ್ಲಾಳಿಯಾಗಿದ್ದ ಮುದುಕರು, ಕೂತಿದ್ದರು. ಮಾಂತೇಶ ಮೊದಲು ಒಂದು ಸೆಕೆಂಡ್‌ಹ್ಯಾಂಡ್ ಕಾರ್ಡು ತೆಗೆದ. ಮೂರು ಫ್ಯಾನಿನದು, ಫಳಫಳ ಹೊಳೆಯುತ್ತಿತ್ತು. ನಾನು ಮರುಳಾದೆ. ಅಣ್ಣ ಅದನ್ನು ಕೈಗೆ ತೆಗೆದುಕೊಂಡು ತೂಗಿದ, ಬೆರಳಿನಿಂದ ಫ್ಯಾನು ತಿರುಗಿಸಿದ, ಮೂಗಿನ ಹತ್ತಿರ ಹಿಡಿದು ಮೂಸಿದ. ಸಂತೆಯಲ್ಲಿ ಟಗರಿಗೂ ಅವನು ಇದನ್ನೇ ಮಾಡುತ್ತಾನೆ. ಮಾರುವವರು ಉಪ್ಪು ತಿನ್ನಿಸಿ, ನೀರು ಕುಡಿಸಿ ಹೊಟ್ಟೆ ತುಂಬಿದಂತೆ ಕಾಣಿಸುವುದನ್ನೂ, ಉಣ್ಣೆ ತೊಳೆದು ಮೈ ಬಂದಂತೆ ಮಾಡುವುದನ್ನೂ ಕಂಡವನು.

“ಯಾರ ಹತ್ರ ಇತ್ತಿದು? ಯಾಕ ಮಾರ್‍ಯಾರ?”

ಮಾಂತೇಶ ತಡವರಿಸಿದ. ಅಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟ. “ತೊಳದು ತಂದಾರ. ಮೈಯಾಗೆಲ್ಲ ಸುಟ್ಟ ವಾಸನಿ ಅದ. ಹಗಲು ರಾತ್ರಿ ದುಡದು ದಣದದ್ದು ಇದು. ಬ್ಯಾಡ.”

ಹೌದು, ಯಾರೋ ಅದನ್ನು ಎರಡು ವರ್ಷ ನಿಲ್ಲಿಸದೆ ಓಡಿಸಿದ್ದರೆಂದು ಮಾಂತೇಶ ಒಪ್ಪಿಕೊಂಡ. ಅಂತರ್ಜಾಲದಲ್ಲಿ ಮೂರು ವಾರ ಕಣ್ಣು ಕೆಡಿಸಿಕೊಂಡು ನಾನು ಕಲಿತದ್ದು ಒಂದು ಮೂಗಿನ ಮುಂದೆ ಸೋತಿತು. ಕೊನೆಗೆ ಅಣ್ಣನ ಕಣ್ಣು ಬಿದ್ದದ್ದು ಮೂಲೆಯಲ್ಲಿದ್ದ ಒಂದೇ ಫ್ಯಾನಿನ ಹೊಸ ಪುಟ್ಟ ಕಾರ್ಡಿನ ಮೇಲೆ. ಇದು ಕರೆಂಟು ಎಷ್ಟು ತಿನ್ನುತ್ತದೆ ಎಂದು ಕೇಳಿದ. ಎಲ್ಲಕ್ಕಿಂತ ಕಡಿಮೆ ಎಂದು ತಿಳಿದ ಮೇಲೆ, “ಇದು ಮನಿಗೆ ಹೊಂದ್ತದ” ಎಂದ.

ಗೋಡೆಯ ಮೇಲೆ ‘ಒಂದೇ ದರ’ ಎಂಬ ಹಲಗೆ ಇತ್ತು. ಮಾಂತೇಶ ಒಂಬತ್ತು ಸಾವಿರ ಎಂದ. ಅಣ್ಣ ಟವೆಲ್ ತೆಗೆದು ಮಾಂತೇಶನ ಕೈಯ ಮೇಲೆ ಹಾಸಿ, ಅದರ ಕೆಳಗೆ ಅವನ ನಾಲ್ಕು ಬೆರಳು ಹಿಡಿದು ಅದುಮಿದ, ಬಿಟ್ಟು ಮತ್ತೆ ನಾಲ್ಕು ಅದುಮಿದ. ಕುರಿ ಸಂತೆಯಲ್ಲೂ ಹತ್ತಿ ಪೇಟೆಯಲ್ಲೂ ದರವನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳುಗಳೇ ಆಡುತ್ತವೆ. ಅಣ್ಣ ಕೇಳಿದ್ದು ಎಂಟು ಸಾವಿರಕ್ಕೆ. ಮಾಂತೇಶನಿಗೆ ಈ ಭಾಷೆ ತಿಳಿಯದು. ಹಿರಿಯರು ಪ್ರೀತಿಯಿಂದ ಕೈ ಹಿಡಿದರು ಎಂದುಕೊಂಡು ತಲೆಬಾಗಿ, “ಆಯ್ತ್ರೀ ಕಾಕಾ, ಆಯ್ತ್ರಿ” ಎಂದ. ಅಣ್ಣ ಟವೆಲ್ ಹೆಗಲಿಗೇರಿಸಿ, “ಎಂಟು ಎಣಿಸಿ ಕೊಡು ತಮ್ಮಾ” ಎಂದ ನನಗೆ.

ಮಾಂತೇಶ ಬೆಚ್ಚಿದ. ಹಲಗೆಯನ್ನು ತೋರಿಸಿದ, ಜಿಎಸ್‌ಟಿ ಎಂದ, ತನಗೆ ಉಳಿಯುವುದೇ ಮುನ್ನೂರು ಎಂದ. ಅಷ್ಟರಲ್ಲಿ ಬಾಗಿಲ ಬಳಿಯ ಮುದುಕರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಟವೆಲ್ ಕೆಳಗ ಕೈ ಇಟ್ಟು ಆಯ್ತು ಅಂದಿ. ಈಗ ಹಲಗಿ ತೋರಸ್ತಿ? ನಮ್ಮ ಮನಿತನದಾಗ ಹಂಗ ಯಾರೂ ಮಾತು ತಿರುಗಿಸಿಲ್ಲ. ಕೊಡು.” ಒಂದು ಸಾವಿರ ರೂಪಾಯಿಯ ಆ ತೀರ್ಪಿನ ಮುಂದೆ ಮಾಂತೇಶ ಮೇಲ್ಮನವಿ ಸಲ್ಲಿಸಲಿಲ್ಲ. ಕಾರ್ಡನ್ನು ಅಲ್ಲೇ ಡಬ್ಬಿಯೊಳಗೆ ಕೂರಿಸಿಕೊಟ್ಟ.

ಆಟೋದಲ್ಲಿ ಮನೆಗೆ ಬಂದ ಮೇಲೆ ಅಣ್ಣ ಊರಿಗೆ ಹೊರಡುತ್ತಾನೆ ಎಂದು ಆಸೆಯಿಂದ ಕಾದೆ. ಅವನು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತ. “ಹಚ್ಚು ನೋಡೂಣು. ಶಾಲಿ ಕೆಲಸ ಹೆಂಗ ಮಾಡ್ತದ ತೋರಸು.” ಎಲ್ಲ ಗೊತ್ತಿದ್ದ ನನ್ನ ಹೆಂಡತಿ ಚಹಾ ಇಟ್ಟು, ನನ್ನ ಮುಖ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ನಾನು ಹತ್ತನೆಯ ತರಗತಿಯ ಪಾಠದ ಒಂದು ತ್ರಿಭುಜ ತೆರೆದೆ. ಅದು ನಿಂತಲ್ಲೇ ನಿಂತಿತ್ತು. ಅಣ್ಣ ಬಹಳ ಹೊತ್ತು ನೋಡಿದ.

“ಮೊದಲೂ ಹಿಂಗ ಕಾಣ್ತಿತ್ತಲ್ಲ?”

“ಹೌದು.”

“ಆ ಮೂಲ್ಯಾಗ ಲಾರಿ ಚಿತ್ರ ಅದಲ್ಲ, ಏನದು?”

ಇನ್ನು ಸುಳ್ಳು ಕಟ್ಟಲು ನನ್ನಿಂದಾಗಲಿಲ್ಲ. ಅದು ಆಟ, ಕಾರ್ಡು ತಂದದ್ದು ಅದಕ್ಕೇ, ಶಾಲೆ ಎಂದದ್ದು ಸುಳ್ಳು ಎಂದು ನೆಲ ನೋಡುತ್ತ ಹೇಳಿದೆ. ಅಣ್ಣ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಕುಡಿದ.

“ಗೊತ್ತಿತ್ತು. ಆಟೋದಾಗ ಡಬ್ಬಿನ ಹುಟ್ಟಿದ ಮರಿ ಇಟ್ಕೊಂಡಂಗ ತೊಡಿ ಮ್ಯಾಲ ಇಟ್ಕೊಂಡಿದ್ದಿ. ಇಪ್ಪತ್ನಾಕು ವರ್ಷ ನಿನ್ನ ನೌಕರಿ ನೋಡೀನಿ. ಶಾಲಿ ಸಾಮಾನ ಹಂಗ ತಂದವನಲ್ಲ ನೀ.”

“ಮೊದಲ ಹೇಳಿದ್ರ ಬೈತಿದ್ದಿ.”

“ಬೈತಿದ್ದೆ. ಬೈದು ಅಂಗಡಿಗೆ ಬರ್ತಿದ್ದೆ.”

ಆಟ ತೆರೆದು ಲಾರಿ ಹೊರಡಿಸಿದೆ. ಅಬ್ಬಾ, ಎಂಥ ಓಟ! ಲಾರಿ ಸೇತುವೆಯನ್ನು ಸೇತುವೆಯ ಮೇಲಿಂದಲೇ ದಾಟಿತು. ಚೀಸು ಕ್ಷೇಮವಾಗಿತ್ತು. ಅಣ್ಣ ಲಾರಿಯನ್ನು ನೋಡುತ್ತಲೇ ಇರಲಿಲ್ಲ, ರಸ್ತೆಯ ಎರಡೂ ಕಡೆಯ ಗುಡ್ಡಗಳನ್ನು ನೋಡುತ್ತಿದ್ದ. ಹೊಸ ಕಾರ್ಡು ಒಂದೊಂದು ಎಸಳು ಹುಲ್ಲನ್ನೂ ಬಿಡಿಬಿಡಿಯಾಗಿ ಬರೆದು, ಗಾಳಿಗೆ ಬಾಗಿಸಿ ತೋರಿಸುತ್ತಿತ್ತು.

“ಎಷ್ಟು ಹುಲ್ಲು ನೋಡೋ! ಯಾರೂ ಮೇಯಸೋರಿಲ್ಲೇನು?”

ಅವನ ದನಿಯಲ್ಲಿ ಆಸೆ ಇತ್ತು. ನಮ್ಮ ಹಳ್ಳಿಯಲ್ಲಿ ಈಗ ಹೊಸ್ತಿಲವರೆಗೆ ಭತ್ತ. ಅಣ್ಣ ಮೇವಿಗಾಗಿ ಕುರಿ ಹೊಡೆದುಕೊಂಡು ವರ್ಷದಿಂದ ವರ್ಷಕ್ಕೆ ಇನ್ನಷ್ಟು ದೂರ ಹೋಗುತ್ತಾನೆ.

ಊರೊಂದು ಹತ್ತಿರವಾದಾಗ ಲಾರಿ ತುಸು ಮುಗ್ಗರಿಸಿತು. ಬಜೆಟ್ ಕಾರ್ಡಿನ ಯೋಗ್ಯತೆ ಅಷ್ಟೇ, ಹುಲ್ಲು ಮತ್ತು ಓಟ ಎರಡನ್ನೂ ಪೂರ್ತಿ ಕೊಡಲಾರದು. ನಾನು ಸೆಟ್ಟಿಂಗಿಗೆ ಹೋಗಿ ಹುಲ್ಲನ್ನು ಕೆಳಗಿಳಿಸಿದೆ. ಗುಡ್ಡ ಬೋಳಾಯಿತು, ಲಾರಿ ಬಾಣದ ಹಾಗೆ ಹೊರಟಿತು.

“ಏ, ಹುಲ್ಲೆಲ್ಲಿ ಹೋತು?”

“ನಾನೇ ತೆಗದೀನಣ್ಣ. ಹುಲ್ಲು ಕಡಿಮಿ ಮಾಡಿದ್ರ ಗಾಡಿ ಮುಂದ ಹೋಗ್ತದ.”

ಅಣ್ಣ ನನ್ನ ಕಡೆ ತಿರುಗಿದ. “ಕಾಲುವಿ ಬಂದಾಗ ನಮ್ಮ ಕಡಿನೂ ಹಂಗ ಅಂದಿದ್ರು” ಎಂದ.

ನಾನು ಹುಲ್ಲನ್ನು ಮತ್ತೆ ಪೂರ್ತಿ ಮೇಲಕ್ಕೇರಿಸಿದೆ. ಇಂದಿಗೂ ಅದು ಹಾಗೆಯೇ ಇದೆ. ನನ್ನ ಲಾರಿ ಕುಂಟುತ್ತ ಹೋಗುತ್ತದೆ, ಆ ತಂಪು ದೇಶದ ಜನ ನನ್ನ ಚೀಸಿಗಾಗಿ ದಿನಾ ಸ್ವಲ್ಪ ಹೊತ್ತು ಕಾಯುತ್ತಾರೆ.