ಸಂಡೂರು ರಸ್ತೆಯ ಬಲಬದಿ

ಟೈರಿಗೆ ಮೆತ್ತಿದ ಮಣ್ಣು ನೋಡಿಯೇ ಲಾರಿ ಯಾವ ಗಣಿಯದೆಂದು ಹೇಳಿಬಿಡುತ್ತಿದ್ದ ಮರುಳಸಿದ್ದಪ್ಪ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವನದು ಪಂಕ್ಚರ್ ಅಂಗಡಿ. ಅದಿರಿನ ಹುಚ್ಚು ಎಲ್ಲರ ನೆತ್ತಿಗೇರಿದ್ದ 2007ರ ಕಾಲ. ಸಂಡೂರು ರಸ್ತೆ ತನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲವೆಂಬ ಜಂಬ ಅವನಿಗೆ. ಜಂಬಪಡಲು ಯಾರಪ್ಪನ ಅಪ್ಪಣೆ ಬೇಕು ಹೇಳಿ.

ಆ ರಸ್ತೆಗೊಂದು ರೂಢಿಯಿತ್ತು. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ತಮ್ಮ ಎಡಬದಿಯನ್ನು ತುಳಿದು ತುಳಿದು ಗುಂಡಿ ಎಬ್ಬಿಸಿದ್ದವು. ಹಾಗಾಗಿ ಅವು ನುಣುಪಾದ ಬಲಬದಿ ಹಿಡಿದವು. ಎದುರು ಹೋಗುವ ಕಾರು, ಬೈಕು, ಖಾಲಿ ಲಾರಿಗಳು ತಾವೂ ಬಲಕ್ಕೆ ಸರಿದು ಆ ಗುಂಡಿಗಳಲ್ಲಿ ಕುಲುಕಬೇಕು. ಯಾವ ಸರ್ಕಾರ ಮಾಡಿದ ಕಾನೂನೂ ಅಲ್ಲ, ಆದರೂ ಯಾರೂ ಮೀರುತ್ತಿರಲಿಲ್ಲ.

ಮಾರ್ಚಿನಲ್ಲೊಂದು ದಿನ ಹಳೇ ಮಾರುತಿ ಕಾರಿನಲ್ಲಿ ಹೆಂಡತಿ ಕೊಟ್ರಬಸಮ್ಮನನ್ನು ಸಂಡೂರಿಗೆ, ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆದೊಯ್ಯುತ್ತಿದ್ದ. ಕಂಪ್ಲಿಯ ಹೆಣ್ಣುಮಗಳು, ಈ ರೂಢಿ ಅವಳಿಗೇನು ಗೊತ್ತು.

“ಹೊಟ್ಟಿ ಕಲಕ್ತೈತ್ರಿ. ಆ ಕಡಿ ನುಣ್ಣಗೈತಲ್ಲ, ಎಡಕ್ಕ ಹೋಗ್ರಿ.”

“ಈ ರಸ್ತಿ ನನಗ ಗೊತ್ತೈತಿ. ಸುಮ್ನ ಕುಂದ್ರು.”

ಅವಳು ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ತಿರುವಿನಲ್ಲಿ ಕೆಂಧೂಳಿನೊಳಗಿಂದ ತುಂಬಿದ ಲಾರಿಯೊಂದು ತನ್ನ ಎಡಬದಿಯಲ್ಲೇ ಬಂತು, ಕಾನೂನು ಹೇಳುವಂತೆ. ಚಾಲಕ ಸೇಲಂ ಕಡೆಯವನು, ಬಂದು ಎರಡು ದಿನವಾಗಿತ್ತು. ಇಲ್ಲಿಯ ರೂಢಿಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಲಾರಿ ಗುದ್ದಿದ ರಭಸಕ್ಕೆ ಕೊಟ್ರಬಸಮ್ಮ ಅಲ್ಲೇ ಹೋದಳು.

ಮರುಳಸಿದ್ದಪ್ಪನಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ ಬಿದ್ದವು. ಅವನು ಅಳಲಿಲ್ಲ. ಅಂಗಡಿ ತೆರೆದು ಕೂರುತ್ತಿದ್ದ, ತಟ್ಟೆಗೆ ಬಡಿಸಿದ್ದನ್ನು ಉಣ್ಣುತ್ತಿದ್ದ. ಉಪ್ಪು ಹೆಚ್ಚಾದರೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಹಿಂದೆ ನಿಂತ ಲಾರಿಗಳ ಅವಸರಕ್ಕೆ, ಪೊಲೀಸರು ಬರುವ ಮೊದಲೇ ಎರಡೂ ಗಾಡಿಗಳನ್ನು ಪಕ್ಕಕ್ಕೆ ಎಳೆದುಹಾಕಿದ್ದರು. ತಪ್ಪು ಯಾರದೆಂಬುದಕ್ಕೆ ಈಗ ಮರುಳಸಿದ್ದಪ್ಪನ ಬಾಯಿಮಾತೇ ಆಧಾರ. ತಿಂಗಳ ಮೇಲೆ ವಿಮೆ ಕಂಪನಿಯ ತನಿಖೆಗೆ ಪ್ರಾಣೇಶ ಎಂಬವನು ಜೀಪಿನಲ್ಲಿ ಬಂದಾಗ, ಹೆಂಡತಿಯ ತಮ್ಮ ಹಂಪೇಶ್ ಕಿವಿಯಲ್ಲಿ ಉಸುರಿದ.

“ಮಾಮ, ನಾನು ಎಡಕ್ಕ ಇದ್ದೆ, ಲಾರಿಯಾವ್ನ ಬಲಕ್ಕ ಬಂದು ಗುದ್ದಿದ ಅನ್ರಿ. ಅವ ಹೊರಗಿನಾಂವ, ಜೈಲಿಗೆ ಹೋದ್ರ ಹೋಗ್ಲಿ. ಇಲ್ಲಾಂದ್ರ ಅಕ್ಕನ್ನ ನೀವ ಕೊಂದಂಗ ಆಗ್ತೈತಿ.”

ಎತ್ತು ಈಯ್ತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು. ಈ ಮಾತನ್ನಂತೂ ಕಣ್ಣು ಮುಚ್ಚಿ ನಂಬುತ್ತಿತ್ತು.

ಅವನನ್ನು ಜೀಪಿನಲ್ಲಿ ಅದೇ ತಿರುವಿಗೆ ಕರೆದೊಯ್ದು ಪ್ರಾಣೇಶ ಕೇಳಿದ. “ನಿಮ್ಮ ಕಾರು ಯಾವ ಬದಿಗಿತ್ತು?”

“ಬಲಕ್ಕ.”

“ವಿಚಾರ ಮಾಡಿ ಹೇಳ್ರಿ. ತಪ್ಪು ನಿಮ್ಮ ಮ್ಯಾಲ ಬರ್ತದ.”

“ಬಲಕ್ಕ ಇತ್ರಿ. ಎಡಕ್ಕ ಹೋಗ್ರಿ ಅಂತ ಅಕಿ ಅಂದ್ಲು. ಸುಮ್ನ ಕುಂದ್ರು ಅಂದೆ. ಅದನ್ನೂ ಬರಕೊಳ್ರಿ.”

“ಅದು ಬ್ಯಾಡ್ರಿ,” ಎಂದ ಪ್ರಾಣೇಶ, ತಪ್ಪು ಕಾರು ಚಾಲಕನದೆಂದು ಬರೆದ. ಮರುಳಸಿದ್ದಪ್ಪ ಸಹಿ ಹಾಕಿದ.

ಹೊಸಪೇಟೆಗೆ ಹೊರಟಾಗ ಪ್ರಾಣೇಶ ಜೀಪನ್ನು ಅದಿರು ಲಾರಿಯೊಂದರ ಬೆನ್ನಿಗೆ ಬಿಟ್ಟ, ನುಣುಪಾದ ಬಲಬದಿಗೆ. ಪಕ್ಕದ ಸೀಟಿನಲ್ಲಿದ್ದ ಮರುಳಸಿದ್ದಪ್ಪ ಮೆಲ್ಲಗೆ ಹೇಳಿದ.

“ಎಡಕ್ಕ ಹೋಗ್ರಿ.”

“ಈ ರಸ್ತೆ ನನಗ ಗೊತ್ತದರಿ. ಸುಮ್ನ ಕೂಡ್ರಿ.”

ಮರುಳಸಿದ್ದಪ್ಪ ಸುಮ್ಮನೆ ಕುಳಿತ. ಕೊಟ್ರಬಸಮ್ಮನೂ ಹೀಗೇ ಕುಳಿತಿದ್ದಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು.