ಪ್ರೋಗ್ರೆಸ್ಸಿನ ಸವಾರಿ

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುತ್ತಿದ್ದರೂ ನಾನು ನಿಘಂಟು ತೆರೆಯುವುದು ಅಪರೂಪವಾಗಿತ್ತು. ಹುಡುಗರು ಅರ್ಥ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಚಿಕ್ಕೋಡಿಯ ನಮ್ಮ ಕಾಲೇಜು ಈ ಒಪ್ಪಂದದ ಮೇಲೆ ಸುಖವಾಗಿ ನಡೆದಿತ್ತು. ಆದರೆ ಎಂಬತ್ತರ ದಶಕದಲ್ಲಿ 'ಪ್ರೋಗ್ರೆಸ್' ಎಂಬ ಶಬ್ದ ಎಲ್ಲರ ಬಾಯಲ್ಲೂ ಕುಣಿಯತೊಡಗಿತು. ಕಬ್ಬಿನ ಗಾಡಿ ಹೊಡೆಯುವವರೂ ನನ್ನನ್ನು ನಿಲ್ಲಿಸಿ ಏನು ಪ್ರೋಗ್ರೆಸ್ಸು ಎಂದು ವಿಚಾರಿಸುತ್ತಿದ್ದರು. ಕೊನೆಗೆ ನಾಚಿಕೆಯಾಗಿ ಗ್ರಂಥಾಲಯದ ದಪ್ಪ ನಿಘಂಟಿನ ಧೂಳು ಕೊಡವಿದೆ.

ಮೂಲದಲ್ಲಿ ಅದು ಲ್ಯಾಟಿನ್ ಶಬ್ದ. ಮುಂದೆ ಹೆಜ್ಜೆ ಇಡುವುದು, ಅಷ್ಟೇ. ಎಲ್ಲಿಗೆ, ಏತಕ್ಕೆ ಎಂಬುದು ಅದರಲ್ಲಿಲ್ಲ. ಮಧ್ಯಯುಗದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದಕ್ಕೆ ರಾಜನ ಸವಾರಿ ಎಂಬ ಅರ್ಥ ಬಂತು. ರಾಜ ಪರಿವಾರ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ, ಉಳ್ಳವರ ಮನೆಯಲ್ಲಿ ಇಳಿಯುತ್ತಿದ್ದ, ಉಂಡು ಮುಂದಿನ ಊರಿಗೆ ಹೋಗುತ್ತಿದ್ದ. ಮುಂದೆ ಹೋಗುವವನು ರಾಜ. ಊರು ಇದ್ದಲ್ಲೇ ಇರುತ್ತಿತ್ತು. ಸುಧಾರಣೆ, ಏಳಿಗೆ ಎಂಬುದೆಲ್ಲ ಆಮೇಲೆ ಅಂಟಿಕೊಂಡ ಅರ್ಥಗಳು. ನಮ್ಮವರು ಮಾತ್ರ ಹಳೆಯದನ್ನೇ ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದ್ದಾರೆ ಎಂಬುದು ನನಗೆ ಜುಗೂಳದಲ್ಲಿ ತಿಳಿಯಿತು.

ಕೃಷ್ಣೆಯ ದಂಡೆಯ ಆ ಊರಿನಲ್ಲಿ ನನ್ನ ಗೆಳೆಯ ಜಿನ್ನಪ್ಪನ ಕಬ್ಬಿನ ಹೊಲವಿತ್ತು. ಜೈನರ ಹಳೆಯ ಮನೆತನ. ಅವನ ಮಗಳು ಸುಜಾತಾ ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕೂತಿದ್ದಳು, ಏಕೆಂದರೆ ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಊರಿಗೆ ಹೈಸ್ಕೂಲು ಬಂದೇ ಬರುತ್ತದೆ, ಆಗ ಕಳಿಸಿದರಾಯಿತು ಎಂದು ಜಿನ್ನಪ್ಪ ಹಟ ಹಿಡಿದಿದ್ದ. ಅದನ್ನು ಮಂಜೂರು ಮಾಡಿಸಬಲ್ಲ ಸಾಹೇಬರೊಬ್ಬರು ಮಧ್ಯಾಹ್ನದ ಊಟಕ್ಕೆ ಅವನ ಮನೆಗೇ ಬರುತ್ತಾರೆಂದು ಸುದ್ದಿ ಬಂತು. ಇಂಗ್ಲಿಷಿನಲ್ಲಿ ಮಾತಾಡಿಸಲು ಒಬ್ಬ ಇರಲಿ ಎಂದು ಜಿನ್ನಪ್ಪ ನನ್ನನ್ನೂ ಕರೆಸಿದ.

ಅತಿಥಿ ಉಣ್ಣುವ ಮೊದಲು ಮನೆಯವರು ಉಣ್ಣುವಂತಿಲ್ಲ ಎಂಬುದು ಆ ಮನೆಯ ಮರ್ಯಾದೆ. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ ಎಂಬುದು ಅವರ ಧರ್ಮ. ಸಾಹೇಬರು ಮಧ್ಯಾಹ್ನ ಬರಲಿಲ್ಲ. ಜಿನ್ನಪ್ಪ ರಸ್ತೆ ನೋಡುತ್ತಿದ್ದ. ಅವನ ಹೆಂಡತಿ ಚಂಪಾಬಾಯಿ ಹೋಳಿಗೆ ಮುಚ್ಚಿಟ್ಟು ಪಡುವಣ ನೋಡುತ್ತಿದ್ದಳು. ಮೊದಲು ಸೂರ್ಯ ಹೋದ, ಆಮೇಲೆ ಜೀಪು ಬಂತು.

ಸಾಹೇಬರು ಹೊಟ್ಟೆ ತುಂಬ ಉಂಡರು. ಅಂಥ ಯಾವ ನೇಮವೂ ಇಲ್ಲದ ನಾನು ಪಕ್ಕದಲ್ಲಿ ಕೂತು ಅವರಿಗಿಂತ ಎರಡು ಹೋಳಿಗೆ ಹೆಚ್ಚೇ ತಿಂದೆ. ಅವರು ಉದ್ದಕ್ಕೂ ಕನ್ನಡದಲ್ಲೇ ಮಾತಾಡಿದ್ದರಿಂದ ನನ್ನಿಂದ ಆದ ಉಪಯೋಗ ಅಷ್ಟೇ. ಮನೆಮಂದಿಯೆಲ್ಲ ತಮಗಾಗಿ ಉಪವಾಸವಿದ್ದಾರೆಂದು ತಿಳಿದಾಗ ಅವರ ಕಣ್ಣು ಒದ್ದೆಯಾಯಿತು.

"ಇಷ್ಟು ಸಂಸ್ಕಾರ ಇದ್ದ ಊರಿಗೆ ಹೈಸ್ಕೂಲಿಂದೇನು ಅವಸರ ಐತ್ರಿ? ಮುಂದಿನ ಸಲ ಬಂದಾಗ ನೋಡೋಣು," ಎಂದು ಎಲೆಯಡಿಕೆ ಹಾಕಿಕೊಂಡು ಕಾಗವಾಡದ ಕಡೆ ಹೊರಟರು. ಜಿನ್ನಪ್ಪನಿಗೆ ಪರಮಾನಂದ, ಸಾಹೇಬರು ಮತ್ತೆ ಬರುತ್ತೇನೆ ಅಂದಿದ್ದರಲ್ಲ.

ಆ ಮನೆಯಲ್ಲಿ ತಂಗಳು ಉಣ್ಣುವುದಿಲ್ಲ. ಹಾಗಾಗಿ ಬೆಳಗ್ಗೆ ಉಳಿದ ಹೋಳಿಗೆಯೆಲ್ಲ ಹಿತ್ತಲಿನ ಎರಡು ಎಮ್ಮೆಗಳ ಪಾಲಾಯಿತು. ನಿನ್ನೆಯ ಸವಾರಿಯಿಂದ ಊರಿನಲ್ಲಿ ಉದ್ಧಾರವಾದದ್ದು ಅವೆರಡೇ. ಬಿಸಿ ರೊಟ್ಟಿ ಬಡಿಯುತ್ತಿದ್ದ ಚಂಪಾಬಾಯಿ ನನಗೆ ಚಹಾ ಕೊಟ್ಟು ಹೇಳಿದಳು:

"ನಾವು ಒಂದಿನ ಉಪಾಸ ಇದ್ದದ್ದು ಇರ್ಲಿ ಬಿಡ್ರಿ ಮಾಸ್ತರ್ರ. ಇಕೀನ ಎಷ್ಟ ವರ್ಷ ಹಿಂಗ ಕುಂಡ್ರಸೂದು?"

ತಾಯಿ ಮಗಳು ಹೊಟ್ಟೆ ತುಂಬ ಉಂಡು ಉಗಾರದ ಬಸ್ಸಿಗೆ ಹೊರಟರು. ಅಲ್ಲಿ ಹೈಸ್ಕೂಲಿತ್ತು, ಮೊದಲಿನಿಂದಲೂ ಇತ್ತು. ಜಿನ್ನಪ್ಪ ಕಟ್ಟೆಯ ಮೇಲೆ ನಿಂತು, ಸಾಹೇಬರು ಮುಂದಿನ ಸಲ ಬಂದು ಹುಡುಗಿ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ ಎಂದ.

ಚಂಪಾಬಾಯಿ ತಿರುಗಿ ನೋಡಲಿಲ್ಲ. "ಬಂದ್ರ ಉಣ್ಣಾಕ ಹಾಕ್ರಿ. ನಾವು ಉಂಡು ಹೋಗೇವಿ ಅಂತ ಹೇಳ್ರಿ."